ವಲ್ಲಿಯಡಿ ಮಾರಿದ ಬಾಗಿಲು

ಆ ಮನೆಗೆ ಬಿದ್ದ ಬೆಲೆ ಒಂದು ಬಾಗಿಲು. ಬೀದಿಗೆ ಮುಖ ಮಾಡಿದ್ದ, ಎರಡು ಕದದ, ಕದಗಳ ನೆತ್ತಿಯಲ್ಲಿ ಹೂಬಳ್ಳಿ ಕೆತ್ತಿದ್ದ ಹಳೆಯ ಸಾಗವಾನಿ ಬಾಗಿಲು. ಅದು ನನ್ನದಲ್ಲ. ಆದರೂ ಕೊಟ್ಟವನು ನಾನು. ಏನಾದರೂ ಬಿಟ್ಟುಕೊಡದೆ ಯಾವ ವ್ಯಾಪಾರವೂ ಕುದುರುವುದಿಲ್ಲ ಎಂಬುದು ನನ್ನ ಹೊಟ್ಟೆ ಹೊರೆದ ವಿದ್ಯೆ. ಬಿಟ್ಟುಕೊಡುವ ವಸ್ತು ನನ್ನದೋ ಬೇರೆಯವರದೋ ಎಂದು ಆ ಗಳಿಗೆಯಲ್ಲಿ ನೋಡುವ ರೂಢಿ ನನಗಿರಲಿಲ್ಲ. ಈಗ ಅದೇ ಬಾಗಿಲನ್ನು ಮರಳಿ ಕೇಳುತ್ತಿದ್ದೇನೆ. ಈ ಸಲ ಬೀಳುತ್ತಿರುವ ಬೆಲೆ ನನ್ನ ಮಾತು. ಅದಾದರೂ ನನ್ನದೇ, ಹೋದರೆ ನನ್ನದು ಹೋಗುತ್ತದೆ.

ಊರಿನ ಹೆಸರು ಬರೆಯುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಒಂದು ಎಂದು ತಿಳಿಯಿರಿ. ಹೆಸರು ಹೇಳಿದರೆ ಉಳಿದ ಮೂರು ಊರಿನವರು ‘ನಮ್ಮದಲ್ಲ ಬಿಡು’ ಎಂದು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಾರೆ. ನಾಲ್ಕೂ ಊರಿನ ಸಂತೆ ತಿರುಗಿದವನು ನಾನು. ನಾಲ್ಕೂ ಕಡೆ ಇದೇ ಓಣಿ ಇದೆ, ಇದೇ ಮಾಸ್ತರರು ಇದ್ದಾರೆ, ನನ್ನಂಥವನೂ ಒಬ್ಬ ಇದ್ದೇ ಇದ್ದಾನೆ.

ಈ ವರ್ಷ ಹಿಂಗಾರಿ ಜೋಳ ಮೊಣಕಾಲುದ್ದ ಬಂದಿದ್ದಾಗ ನನಗೊಂದು ಗೋದಾಮು ಬೇಕಾಯಿತು. ನನ್ನದು ಲಿಂಬೆಕಾಯಿ ವ್ಯಾಪಾರ. ಸುದ್ದಿ ರತ್ನಾಬಾಯಿ ಸಿಸ್ಟರ್ ಕಿವಿಗೂ ಬಿದ್ದು ಫೋನ್ ಮಾಡಿದರು. ಸರಕಾರಿ ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಊರಿನ ಅರ್ಧ ಜನ ಹುಟ್ಟಿದ ಕೂಡಲೇ ಮೊದಲು ನೋಡಿದ್ದು ಅವರ ಮುಖವನ್ನೇ.

“ಮಲ್ಲಪ್ಪಾ, ಗೋದಾಮು ಹುಡುಕಾಕತ್ತಿ ಅಂತಲ್ಲಾ. ನಮ್ಮವ್ವನ ಮನಿ ಖಾಲಿ ಬಿದ್ದೈತಿ. ಬಂದ ನೋಡ್ಕೊಂಡ ಹೋಗು.”

ಹೋದೆ. ಮನೆಯ ಹಿಂದಿನ ಸಂದಿಯಲ್ಲಿ, ಗಟಾರದ ಮೇಲೆ ಹಾಕಿದ್ದ ಕಲ್ಲಿನ ಮೇಲೆ ಕಾಲಿಟ್ಟು, ಜಾಲಿಮುಳ್ಳು ಸರಿಸಿ, ತಗಡಿನ ಬಾಗಿಲು ದೂಡಿ ಒಳಗೆ ಕಾಲಿಟ್ಟೆ. ಕಾಲಿಟ್ಟದ್ದೇ ಮೂಗಿಗೆ ಹಳೆಯ ಲಿಂಬೆಯ ವಾಸನೆ ಬಡಿಯಿತು. ಹೋದ ಬೇಸಿಗೆಯಲ್ಲಿ ಯಾರೋ ವ್ಯಾಪಾರಿ ಅಲ್ಲಿ ಕಾಯಿ ಇಟ್ಟಿದ್ದನಂತೆ. ನನಗೆ ಆ ವಾಸನೆ ಹೊಸದಲ್ಲ, ನನ್ನ ಅಂಗಿಯದೇ ವಾಸನೆ. ಆದರೆ ಅದು ಆ ಖೋಲಿಯಲ್ಲಿ ಇರಬಾರದಾಗಿತ್ತು. ಅಲ್ಲಿ ಮನುಷ್ಯರ ವಾಸನೆ ಇರಬೇಕಿತ್ತು. ಕೌದಿ, ಕೊಬ್ಬರಿ ಎಣ್ಣೆ, ಬೀಡಿ, ಒದ್ದೆ ಸೀರೆ, ಏನಾದರೊಂದು. ಮುಂದಿನ ಗೋಡೆಯ ಮೇಲೆ ಬಾಗಿಲಿನ ಆಕಾರದಲ್ಲಿ ಬೇರೆ ಬಣ್ಣದ ಗಾರೆಯ ಗಿಲಾಯಿ ಕಾಣುತ್ತಿತ್ತು. ಗಾಯ ಮಾಗಿದ ಮೇಲೆ ಚರ್ಮ ಕಾಣುತ್ತದಲ್ಲ, ಹಾಗೆ.

ಸಿಸ್ಟರ್ ನನ್ನ ಬೆನ್ನ ಹಿಂದೆ ನಿಂತಿದ್ದರು. “ಹ್ಯಾಂಗೈತಿ? ನಿನ್ನ ಲಿಂಬಿಕಾಯಿಗೆ ಹೇಳಿ ಮಾಡಿಸಿದಂಗೈತಿ. ಅವಕ್ಕ ಬೀದಿ ಬಾಗಲಾ ಬ್ಯಾಡ, ನಳ ಬ್ಯಾಡ, ಹಗಲ ಹೊರಗ ಮುಖ ತೋರ್ಸೂದೂ ಬ್ಯಾಡ.”

ಆ ಮೂರೂ ‘ಬ್ಯಾಡ’ಗಳನ್ನು ಊರಿಗೆ ಒಪ್ಪಿಸಿ ಬಂದವನು ನಾನು.

ಕೆಲವು ವರ್ಷಗಳ ಹಿಂದಿನ ಚಳಿಗಾಲ ಅದು. ನಮ್ಮ ಸೀಮೆಯ ಚಳಿಯನ್ನು ಹೊರಗಿನವರು ನಂಬುವುದಿಲ್ಲ. ಬಿಸಿಲಿನ ನಾಡು ಎಂದು ಹೆಸರಾಗಿಬಿಟ್ಟಿದೆ. ಆದರೆ ಎಳ್ಳ ಅಮವಾಸ್ಯೆಯ ಹತ್ತಿರಹತ್ತಿರ ಕರಿ ಎರೆಭೂಮಿಯ ಮೇಲಿಂದ ಬೀಸುವ ಗಾಳಿಗೆ ತಡೆಯೇ ಇಲ್ಲ. ಗುಡ್ಡವಿಲ್ಲ, ಅಡವಿಯಿಲ್ಲ. ಬಂದು ನೇರ ಎದೆಗೆ ಕೂರುತ್ತದೆ. ಆ ಗಾಳಿಯಲ್ಲಿ ಮಾರ್ಕೆಟ್ಟಿನ ಕಟ್ಟೆಯ ಮೇಲೆ, ಬಸ್ ಸ್ಟ್ಯಾಂಡಿನ ಗೋಡೆಗೆ ಆತು, ಒಂದಷ್ಟು ಜನ ಮಲಗುತ್ತಿದ್ದರು. ಅವರಲ್ಲಿ ಶಾಂತವ್ವ ನನ್ನ ಕಟ್ಟೆಯವಳು. ಲಿಂಬೆಕಾಯಿ ಆರಿಸುವವಳು: ದೊಡ್ಡದು, ನಡುವಿನದು, ಸಣ್ಣದು, ಕಲೆ ಬಿದ್ದದ್ದು ಎಂದು ಬೇರೆಬೇರೆ ಗುಂಪು ಮಾಡುವ ಕೆಲಸ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದವಳು. ಗಂಡ ತೀರಿಕೊಂಡಿದ್ದ. ಪರಿಹಾರದ ರೊಕ್ಕ ಮೈದುನಂದಿರ ಮನೆಯೊಳಗೆ ಹೋದದ್ದು ಹೊರಗೆ ಬರಲಿಲ್ಲ.

ಯಾರಾದರೂ “ನಿನಗ ಮನಿ ಇಲ್ಲೇನಬೇ?” ಎಂದರೆ ಅವಳ ಉತ್ತರ ಸಿದ್ಧವಿರುತ್ತಿತ್ತು. “ಐತೆಪ್ಪಾ. ನೀರಾಗೈತಿ. ಮೀನ ಇದ್ದಾವ ಒಳಗ. ಬಾಡಿಗಿ ಕೇಳಿದ್ರ ಬಾಯಿ ತಗೀತಾವ, ರೊಕ್ಕ ಕೊಡೂದಿಲ್ಲ.”

ಕಟ್ಟೆಯ ಹಮಾಲರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಚಳಿಗಾಲದ ಮೊದಲಲ್ಲಿ ರತ್ನಾಬಾಯಿ ಸಿಸ್ಟರ್ ತಮ್ಮ ತಾಯಿಯ ಮನೆಯನ್ನು ಇಂಥವರಿಗಾಗಿ ಬಿಟ್ಟುಕೊಡುತ್ತೇನೆ ಎಂದರು. ಬಜಾರದ ಹಿಂದಿನ ಓಣಿಯ ಗಟ್ಟಿ ಕಲ್ಲುಮನೆ. ಬೀದಿಗೆ ಬಾಗಿಲು, ಬಾಗಿಲ ಎರಡೂ ಬದಿಗೆ ಕಟ್ಟೆ, ಎದುರಿಗೇ ಬೀದಿಯ ನಳ. ಮಾರ್ಕೆಟ್ಟಿಗೆ ನಡೆದು ಹೋಗುವ ದಾರಿ. ಗೋಡೆಯ ಮೇಲೆ ಕಣ್ಣು ಮುಚ್ಚಿ ಕುಳಿತ ಬುದ್ಧನ ಫೋಟೊ. ಅದನ್ನು ನೋಡಿ ಓಣಿಯ ಕೆಲವರು ಮೊದಲಿನಿಂದಲೂ ಆ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಹೆರಿಗೆಗೆ ಮಾತ್ರ ಓಡಿ ಬರುತ್ತಿದ್ದರು.

ಸುದ್ದಿ ಹಬ್ಬಿದ್ದೇ ತಡ, ಊರಿನ ಹಿರಿಯರು ಕೂಡಿ ಪುರಸಭೆಯ ಮುಂದೆ ಒಂದು ಠರಾವು ತಂದರು. ಮನೆಯಿಲ್ಲದವರ ಆಶ್ರಯ ಕೇಂದ್ರ ವಸತಿ ವಲಯದಲ್ಲಿ ಇರಕೂಡದು, ಸಾಲಿ, ಗುಡಿ, ಬಜಾರಗಳ ಹತ್ತಿರ ಇರಕೂಡದು. ಕಟ್ಟುವುದಾದರೆ ಊರ ಹೊರಗೆ, ಕಸ ಸುರಿಯುವ ಜಾಗದ ಆಚೆ ಕಟ್ಟಬೇಕು. ಝೋನು, ಝೋನು ಎಂದು ಎಲ್ಲರ ಬಾಯಲ್ಲಿ ಒಂದೇ ಮಾತು.

ಸಿಸ್ಟರ್ ನನ್ನ ಅಂಗಡಿಗೆ ಬಂದರು. “ನಮ್ಮ ಅಜ್ಜನ ಕಾಲಕ್ಕೂ ಊರ ಹೊರಗ ಇರ್ರಿ ಅಂದಿದ್ರು, ಮಲ್ಲಪ್ಪಾ. ಆವಾಗ ಝೋನ್ ಅನ್ನೂ ಶಬ್ದ ಗೊತ್ತಿರಲಿಲ್ಲ, ಅಷ್ಟ ಫರಕ. ನಿನಗ ಮಾತು ಬರತೈತಿ. ಈ ಠರಾವು ಬೀಳಸು.”

ಇಲ್ಲಿ ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ: ನಾನು ಮನಸ್ಸಿನಿಂದಲೇ ಒಪ್ಪಿದೆ. ಯಾಕೆಂದರೆ ಆ ಠರಾವು ಮೂರ್ಖತನದ್ದು. ಲಿಂಬೆಕಾಯಿಯ ಗಾಡಿ ಬರುವುದು ಬೆಳಕು ಹರಿಯುವ ಮೊದಲು. ಕಸದ ಗುಡ್ಡದ ಆಚೆ ಮಲಗಿದ ಹೆಂಗಸು ಅಷ್ಟೊತ್ತಿಗೆ ಮಾರ್ಕೆಟ್ಟಿಗೆ ಹೇಗೆ ಬರಬೇಕು? ಹಮಾಲರು ಹೇಗೆ ಬರಬೇಕು? ಕೂಲಿಯವನು ಕೂಲಿಯ ಹತ್ತಿರ ಮಲಗಬೇಕು. ಜಡ್ಡಿನವನು ದವಾಖಾನೆಯ ಹತ್ತಿರ ಮಲಗಬೇಕು. ಇದನ್ನು ತಿಳಿಯಲು ಶಾಣ್ಯಾತನ ಬೇಡ, ಒಂದು ದಿನ ನಡೆದು ನೋಡಿದರೆ ಸಾಕು. ಇದೇ ಮಾತನ್ನು ಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಹೇಳಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಗೆಲ್ಲುತ್ತಿದ್ದೆವೋ ಸೋಲುತ್ತಿದ್ದೆವೋ, ಬೇರೆ ವಿಚಾರ.

ಆದರೆ ಗಟ್ಟಿಯಾಗಿ ಹೇಳುವುದು ನನ್ನ ವಿದ್ಯೆಯಲ್ಲ. ನಾನು ಕಲಿತದ್ದು ದನದ ಸಂತೆಯಲ್ಲಿ. ಮಸೂತಿ ಎಂಬ ಹಳ್ಳಿಯಿಂದ ಬರಿಗೈಯಲ್ಲಿ ಬಂದು, ಸಂತೆಯ ಮೂಲೆಯಲ್ಲಿ ಹಗ್ಗ, ಮೂಗುದಾಣ ಮಾರುತ್ತ ಕುಳಿತು, ದಲ್ಲಾಳಿಗಳ ಕೈ ನೋಡಿ ನೋಡಿ ದಲ್ಲಾಳಿಯಾದವನು. ಆ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ಹೆಗಲವಸ್ತ್ರವಾದ ವಲ್ಲಿಯನ್ನು ತೆಗೆದು ಎದುರಿನವನ ಕೈಯ ಮೇಲೆ ಹರವುತ್ತಾನೆ. ಅದರಡಿ ಬೆರಳು ಹಿಡಿದು ಬೆಲೆ ತಿಳಿಸುತ್ತಾನೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಇಬ್ಬರಿಗೇ. ಒತ್ತಿದ ಬೆರಳಿನ ಮಾತನ್ನು ಮುರಿಯುವಂತಿಲ್ಲ. ಮುರಿದವನ ವಲ್ಲಿಯಡಿ ಮತ್ತೆ ಯಾರೂ ಕೈ ಇಡುವುದಿಲ್ಲ. ನಾನು ಒಮ್ಮೆಯೂ ಮುರಿದವನಲ್ಲ. ಊರಲ್ಲಿ ನನ್ನ ಹೆಸರು ನಿಂತಿದ್ದೇ ಅದರ ಮೇಲೆ.

ಹಾಗಾಗಿ ಸಭೆಗೆ ಮೊದಲು ಓಣಿಯ ಮನೆಮನೆಗೆ ಹೋದೆ. ಮೊದಲು ಹೋದದ್ದು ಎದುರು ಮನೆಯ ಮಾಸ್ತರರಲ್ಲಿಗೆ. ನಿವೃತ್ತರು, ಊರಿಗೆ ಬೇಕಾದವರು, ಠರಾವಿನ ಮುಂದಾಳು. ಕೆಟ್ಟವರಲ್ಲ. ಮೊಮ್ಮಗಳಿಗೆ ಗಂಡು ನೋಡುತ್ತಿದ್ದರು.

“ಮಲ್ಲಪ್ಪ, ನಾಳೆ ನಮ್ಮ ಮನಿಗೆ ಕನ್ಯಾ ನೋಡಾಕ ಬೀಗರು ಬರ್ತಾರ. ಬಾಗಲಾ ತಗದ್ರ ಎದುರಿಗೆ ಏನ ಕಾಣಬೇಕು? ಹರಕ ಕೌದಿ ಹೊಚಗೊಂಡ ಕುಂತ ಮಂದಿ?”

“ಕಾಣದಂಗ ಮಾಡಿದ್ರ ಗುರುಗಳ?”

“ಅಂದ್ರ?”

ನಾನು ರೂಢಿಯ ಮೇಲೆ ಹೆಗಲಿನ ವಲ್ಲಿ ತೆಗೆದು ಅವರ ಕೈಮೇಲೆ ಹರವಿದೆ.

“ಏನೋ ಇದು? ನಾ ಏನ ಎತ್ತ ಮಾರಾಕ ಕುಂತೇನಿ?” ಎಂದು ನಕ್ಕರು. ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಬೀದಿ ಬಾಗಲಾ ಮುಚ್ಚಸ್ತೇನ್ರಿ. ಹಿಂದಿನ ಸಂದ್ಯಾಗ ಇನ್ನೊಂದ ಬಾಗಲಾ ತಗಸ್ತೇನಿ. ನಿಮ್ಮ ಕಣ್ಣಿಗೆ ಬರೀ ಗ್ವಾಡಿ ಕಾಣತೈತಿ. ನೀವು ಸಭಾದಾಗ ಎದ್ದ ನಿಂತು ನಮ್ಮ ತಕರಾರಿಲ್ಲ ಅನಬೇಕು.”

ಅವರು ವಲ್ಲಿಯಡಿ ನನ್ನ ಬೆರಳು ಒತ್ತಿದರು. ವ್ಯಾಪಾರ ಮುಗಿಯಿತು.

ಕಿರಾಣಿ ಅಂಗಡಿಯವನಿಗೆ ನಳ ಬೇಕಾಗಿತ್ತು. ‘ಅವರು ಮುಟ್ಟಿದ ನಳದಾಗ ನಮ್ಮ ಹೆಂಗಸರು ನೀರು ಹಿಡಿಯೂದಿಲ್ಲ’ ಎಂದ. ನಳ ಕೊಟ್ಟೆ. ಮೂಲೆಮನೆಯವರಿಗೆ ಹಗಲು ಬೇಕಾಗಿತ್ತು. ‘ಕತ್ತಲಾದ ಮ್ಯಾಲ ಬರಲಿ, ಹೊತ್ತು ಹುಟ್ಟಿದ ಕೂಡಲೆ ಕೀಲಿ ಬೀಳಲಿ’ ಎಂದರು. ಹಗಲು ಕೊಟ್ಟೆ. ಒಬ್ಬರಿಗೆ ಏನು ಕೊಟ್ಟೆನೆಂಬುದು ಇನ್ನೊಬ್ಬರಿಗೆ ಗೊತ್ತಿಲ್ಲ. ವಲ್ಲಿಯ ಗುಣವೇ ಅದು. ಪ್ರತಿಯೊಬ್ಬನಿಗೂ ತಾನು ಕೇಳಿದ್ದು ಸಣ್ಣದು ಎಂದೇ ಅನಿಸಿತ್ತು. ನನಗೂ ಹಾಗೇ ಅನಿಸಿತ್ತು. ಎಲ್ಲವನ್ನೂ ಒಟ್ಟಿಗೆ ಕೂಡಿಸಿ ನೋಡಬೇಕಾದವನು ನಾನೊಬ್ಬನೇ, ನಾನು ನೋಡಲಿಲ್ಲ. ಗೆಲ್ಲುವ ವ್ಯಾಪಾರದಲ್ಲಿ ಕೈ ಬಿಸಿಯಾಗಿರುತ್ತದೆ, ತಲೆ ಕೆಲಸ ಮಾಡುವುದಿಲ್ಲ.

ಸಭೆಯಲ್ಲಿ ಮಾಸ್ತರರು ಎದ್ದು “ಮಾನವೀಯತೆ ದೃಷ್ಟಿಯಿಂದ ನಮ್ಮ ತಕರಾರು ಇಲ್ಲ” ಎಂದರು. ಉಳಿದವರೂ ತಲೆಯಾಡಿಸಿದರು. ಠರಾವು ಬಿತ್ತು. ಜನ ಚಪ್ಪಾಳೆ ತಟ್ಟಿದರು, ನನಗೆ ಶಾಲು ಹೊದಿಸಿದರು. ಸಿಸ್ಟರ್ ಕಣ್ಣು ಒರೆಸಿಕೊಂಡರು. ನಾನು ಮನೆಗೆ ಬಂದು ಹೆಂಡತಿ ಕಸ್ತೂರಿಯ ಮುಂದೆ ಆ ಶಾಲನ್ನು ಹೊದ್ದುಕೊಂಡೇ ಊಟ ಮಾಡಿದೆ.

ಮರುವಾರ ಗೋಡೆ ಕಟ್ಟುವ ಗೌಂಡಿಯನ್ನು ಕರೆದುಕೊಂಡು ಹೋದೆ. ಅವನು ಚೌಕಟ್ಟಿಗೆ ಹಾರೆ ಹಾಕುವಾಗ ಸಿಸ್ಟರ್ ಬಂದರು.

“ಏ, ಏನ ಮಾಡಾಕತ್ತೀರಿ?”

“ಗೆದ್ದೇವಲ್ರೀ ಅಕ್ಕಾರ. ಅದರದೊಂದು ಸಣ್ಣ ಕರಾರು...”

ಎಲ್ಲ ಹೇಳಿದೆ. ಬಾಗಿಲು, ನಳ, ಹಗಲು. ಒಂದರ ಹಿಂದೊಂದು ನನ್ನ ಬಾಯಿಂದಲೇ ಹೊರಬಂದಾಗ ಮೊದಲ ಸಲ ನನ್ನ ಕಿವಿಗೂ ಅವು ಒಟ್ಟಿಗೆ ಕೇಳಿಸಿದವು. ಸಿಸ್ಟರ್ ಕೂಗಾಡಲಿಲ್ಲ. ಕಟ್ಟೆಯ ಮೇಲೆ ಕುಳಿತರು.

“ನಮ್ಮವ್ವ ಈ ಕಟ್ಟಿ ಮ್ಯಾಲ ಕುಂತು ಓಣ್ಯಾಗ ಹೋಗೂ ಬರೂ ಮಂದೀನ್ನೆಲ್ಲಾ ಮಾತಾಡಸ್ತಿದ್ದಳು. ತಿರುಗಿ ಮಾತಾಡೂ ಮಂದಿ ಸ್ವಲ್ಪ. ಆದರೂ ಬಾಗಲಾ ಹಾಕ್ಕೊಂಡ ಒಳಗ ಕುಂದರಲಿಲ್ಲ, ಮಲ್ಲಪ್ಪ. ಕಡೀತನಕ ಕುಂದರಲಿಲ್ಲ.” ಚೌಕಟ್ಟಿನ ಕಡೆ ನೋಡಿ, “ಈಗ ಬ್ಯಾಡ ಅಂದ್ರ ಠರಾವು ತಿರುಗಿ ಬರತೈತಿ. ಹೌದಿಲ್ಲೋ?”

“ಹೌದ್ರಿ.”

“ಹಂಗಾರ ನನ್ನ ಕೈಯೂ ಕಟ್ಟಿ ಬಂದಿ.”

ಗೌಂಡಿ ಬಾಗಿಲನ್ನು ಕಿತ್ತು ಬೀದಿಯಲ್ಲಿ ಮಲಗಿಸಿದ. ಒಳ್ಳೆಯ ಸಾಗವಾನಿ ಹಾಳಾಗುವುದು ನನ್ನಂಥವನಿಂದ ನೋಡಲಾಗುವುದಿಲ್ಲ. ಸಿಸ್ಟರ್ “ಏನರ ಮಾಡ್ಕೋ” ಎಂದರು. ಟಂಟಂನಲ್ಲಿ ಹೇರಿಕೊಂಡು ಹೋಗಿ, ಎರಡೂ ಕದಗಳನ್ನು ಕಲ್ಲಿನ ಮೇಲೆ ಅಡ್ಡ ಮಲಗಿಸಿ, ಲಿಂಬೆಕಾಯಿ ಆರಿಸುವ ಮೇಜು ಮಾಡಿದೆ. ಎತ್ತರ ಹದವಾಗಿತ್ತು. ಹೆಂಗಸರ ಸೊಂಟಕ್ಕೆ ಆರಾಮ ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಶಾಂತವ್ವ ಆ ಬಾಗಿಲಿನ ಮೇಲೆಯೇ ದಿನಾ ಕಾಯಿ ಆರಿಸತೊಡಗಿದಳು.

ಆಶ್ರಯ ಕೇಂದ್ರ ತೆರೆದ ದಿನ ಅವಳನ್ನು ನಾನೇ ಕರೆದುಕೊಂಡು ಹೋದೆ. ಸಂಜೆ. ಗಂಟು ಬಗಲಲ್ಲಿಟ್ಟುಕೊಂಡು ಉತ್ಸಾಹದಿಂದಲೇ ಬಂದಳು. ಓಣಿಯಲ್ಲಿ ನಿಂತು ಮನೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಸಾವ್ಕಾರ್ರ, ಎಲ್ಲಿಂದ ಹೋಗೂದ್ರಿ ಒಳಗ?”

“ಹಿಂದ ಐತಿ ಬಾ.”

ಗಟಾರದ ಕಲ್ಲಿನ ಮೇಲೆ ನಿಂತು ಸಂದಿಯನ್ನು ನೋಡಿದಳು. ನಾಯಿ, ಜಾಲಿ, ಕತ್ತಲೆ. ಒಳಗೆ ಬಂದಳು. ಹೊಸ ಗಿಲಾಯಿಯ ಮೇಲೆ ಅಂಗೈ ಇಟ್ಟು ಸವರಿದಳು.

“ನಮ್ಮೂರಿಗೆ ನೀರು ಬರೂ ವರ್ಷ ಏನಾತು ಗೊತ್ತೈತೇನ್ರಿ? ಎಲ್ಲಾರೂ ಮೊದಲ ಬಾಗಲಾ ಕಿತಗೊಂಡ್ರು. ಗ್ವಾಡಿ ಬಿಟ್ರು, ಕಾಳಿನ ಹಗೇವು ಬಿಟ್ರು, ದನದ ಕೊಟ್ಟಿಗಿ ಬಿಟ್ರು. ಬಾಗಲಾ ಬಿಡಲಿಲ್ಲ. ಬಾಗಲಾ ಒಂದಿದ್ರ ಎಲ್ಲೆರ ಮನಿ ಮಾಡಬೌದು ಅಂತಿದ್ದ ನಮ್ಮ ಮಾವ.” ನನ್ನ ಕಡೆ ತಿರುಗಿದಳು. “ನೀವು ಬಾಗಲಾ ಬಿಟ್ಟು ಗ್ವಾಡಿ ಹಿಡದೀರಿ.”

ನಾನು ತಿಳಿ ಹೇಳಿದೆ. ಚಳಿ ತಪ್ಪುತ್ತದೆ, ಚಾಪೆ ಇದೆ, ಲೈಟಿದೆ, ಇದಾದರೂ ಆಯಿತಲ್ಲ ಎಂದೆ. ಅವಳು ಎರಡು ರಾತ್ರಿ ಮಲಗಿದಳು. ಬೆಳಿಗ್ಗೆ ಕೆಲಸ ಮುಗಿಸಿ ಸೊಂಟ ಚಾಚಲು ಹೋದರೆ ಕೀಲಿ. ಗಂಟನ್ನು ಹೊತ್ತು ಮತ್ತೆ ಮಾರ್ಕೆಟ್ಟಿಗೆ. ಮೈ ತೊಳೆಯಲು ನೀರಿಲ್ಲ. ಕತ್ತಲಲ್ಲಿ ಸಂದಿಯಲ್ಲಿ ಒಬ್ಬಳೇ ನಡೆಯುವ ಧೈರ್ಯವಿಲ್ಲ. ಮೂರನೆಯ ದಿನ ಮತ್ತೆ ನನ್ನ ಕಟ್ಟೆಯ ಮೇಲೆಯೇ ಕೌದಿ ಹಾಸಿದಳು. ಉಳಿದವರೂ ಒಬ್ಬೊಬ್ಬರಾಗಿ ಹಾಗೇ ಹೊರಬಿದ್ದರು.

ಎಳ್ಳ ಅಮವಾಸ್ಯೆ ಬಂತು. ಅಂದು ಊರೊಳಗೆ ಒಲೆ ಉರಿದರೂ ಊಟ ಹೊಲದಲ್ಲಿ. ಹೊಲ ಇದ್ದವರು ಇಲ್ಲದವರನ್ನು ಕರೆಯಬೇಕು, ಒಬ್ಬರೇ ಕುಳಿತು ಉಂಡರೆ ಭೂಮಿತಾಯಿ ಒಪ್ಪುವುದಿಲ್ಲ ಎಂಬ ನಂಬಿಕೆ ನಮ್ಮದು. ನಾನು ಕೊಂಡ ಹೊಲಕ್ಕೆ ಹಮಾಲರನ್ನೂ ಶಾಂತವ್ವನನ್ನೂ ಕರೆದಿದ್ದೆ. ಜೋಳ ಆಳೆತ್ತರ ನಿಂತಿತ್ತು. ಕಸ್ತೂರಿ ಬೆಳೆಯ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ ಬಂದಳು. ಭೂಮಿಗೆ ಮೊದಲ ತುತ್ತು, ಆಮೇಲೆ ಮನುಷ್ಯರಿಗೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಬದನೆ ಎಣ್ಣಗಾಯಿ, ಶೇಂಗಾ ಹೋಳಿಗೆ. ಬಿಸಿಲು ಹಿತವಾಗಿತ್ತು. ಒಬ್ಬ ಹಮಾಲ ನನ್ನನ್ನು ಹೊಗಳಲು ಹೊರಟ.

“ನಮ್ಮ ಸಾವ್ಕಾರ್ರು ವಲ್ಲಿ ಹಾಸಿದ್ರಂದ್ರ ಹುಲಿನೂ ಎಮ್ಮಿ ರೇಟಿಗೆ ಕೊಡಸ್ತಾರ್ನೋಡು!”

ಶಾಂತವ್ವ ರೊಟ್ಟಿ ಮುರಿಯುತ್ತಿದ್ದವಳು ತಲೆ ಎತ್ತದೆ ಕೇಳಿದಳು. “ಸಾವ್ಕಾರ್ರ, ದನದ ಸಂತ್ಯಾಗ ವ್ಯಾಪಾರ ಮಾಡುವಾಗ ದನಾ ಎಲ್ಲಿರತೈತ್ರಿ?”

“ಅಲ್ಲೇ, ಮುಂದ ನಿಂತಿರತೈತಿ. ಹಲ್ಲ ನೋಡಬೇಕಲ್ಲಾ.”

“ಹಾಂ. ದನಾನರ ಮುಂದ ನಿಂದ್ರಸ್ತಾರ. ನಮ್ಮ ವ್ಯಾಪಾರ ಆಗುವಾಗ ನಮ್ಮನ್ನ ನಿಂದ್ರಸಲೂ ಇಲ್ಲ ನೋಡ್ರಿ. ಹಲ್ಲರ ತೋರಸ್ತಿದ್ದೆ.” ಎಂದು ಬಾಯಿ ತೆರೆದು ಉಳಿದ ಹಲ್ಲು ತೋರಿಸಿದಳು.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕಸ್ತೂರಿ ನಗಲಿಲ್ಲ. ಹೋಳಿಗೆ ಬಡಿಸುತ್ತಿದ್ದವಳು ನನ್ನ ತಾಟಿನ ಹತ್ತಿರ ಬಂದು, ಒಮ್ಮೆ ನನ್ನ ಮುಖ ನೋಡಿ, ಬಡಿಸದೆ ಮುಂದೆ ಹೋದಳು.

ಹಬ್ಬ ಕಳೆದ ಮೇಲೆ ಮಾಸ್ತರರಲ್ಲಿಗೆ ಹೋದೆ. ಬಾಗಿಲನ್ನು ಮರಳಿ ಅಲ್ಲೇ ಹಚ್ಚಲು ಬಿಡಿ ಎಂದು ಕೇಳಲು ಹೋದವನು ಬಾಗಿಲ ಸುತ್ತಲೇ ಮಾತು ತಿರುಗಿಸುತ್ತ ಕುಳಿತೆ. ಅವರಿಗೆ ತಿಳಿಯಿತು.

“ಮಲ್ಲಪ್ಪ, ಬೆರಳು ಒತ್ತಿದ ಮ್ಯಾಲ ಬಿಡಿಸಿಕೊಂಡ ದಲ್ಲಾಳಿನ್ನ ನಾ ನೋಡಿಲ್ಲ. ನೀ ಅಂತಾಂವ ಅಲ್ಲ ಅಂತ ಊರಾಗ ಮಾತೈತಿ.”

“ಹೌದ್ರಿ ಗುರುಗಳ” ಎಂದು ಎದ್ದು ಬಂದೆ.

ನನ್ನ ನಾಚಿಕೆಯ ತಳ ಇದು. ಬಾಗಿಲು ಕೊಟ್ಟದ್ದು ಗೊತ್ತಾಗದೆ ಆದದ್ದು ಎನ್ನಬಹುದು. ಆದರೆ ಗೊತ್ತಾದ ಮೇಲೆ, ಅವಳು ಮತ್ತೆ ಕಟ್ಟೆಯ ಮೇಲೆ ಮಲಗಿದ್ದನ್ನು ದಿನಾ ಬೆಳಿಗ್ಗೆ ಕಣ್ಣಾರೆ ನೋಡಿದ ಮೇಲೆ, ನನಗೆ ಅವಳ ಮೈ ನಡುಕಕ್ಕಿಂತ ನನ್ನ ಬೆರಳಿನ ಹೆಸರು ದೊಡ್ಡದಾಯಿತು. ಆ ಚಳಿಗಾಲವಿಡೀ, ಆಮೇಲಿನ ಚಳಿಗಾಲಗಳಲ್ಲೂ. ಮುಂದಿನ ಮಳೆಗಾಲದ ಹೊತ್ತಿಗೆ ಆಶ್ರಯ ಕೇಂದ್ರ ಮುಚ್ಚಿತು. ಊರಲ್ಲಿ ಮಾತು ಹುಟ್ಟಿತು: ‘ಕೊಟ್ರೂ ಬರೂದಿಲ್ಲ ಆ ಮಂದಿ. ಅವರಿಗೆ ಬೀದೀನ ಬೇಕು.’ ಚಹಾದಂಗಡಿಯಲ್ಲಿ ನನ್ನ ಮುಂದೆಯೇ ಹಾಗೆಂದರು. ನಾನು ಚಹಾ ಕುಡಿದೆ.

ಅದಕ್ಕೇ ಈ ವರ್ಷ ಸಿಸ್ಟರ್ ನನ್ನನ್ನು ಆ ಖೋಲಿಯೊಳಗೆ ಕರೆದು ಲಿಂಬೆಯ ವಾಸನೆ ಹಿಡಿಸಿದ್ದು. ಗೋದಾಮು ಕೊಡುವ ಮನಸ್ಸು ಅವರಿಗಿರಲಿಲ್ಲ. ಹೊರಗೆ ಬಂದ ಮೇಲೆ ಹೇಳಿದರು: “ತಿರುಗಿ ಶುರು ಮಾಡಬೇಕಂತ ಮಾಡೇನಿ. ಸುದ್ದಿ ತಿಳದು ಹಳೇ ಠರಾವೂ ತಿರುಗಿ ಬಂದೈತಿ. ಅಮವಾಸಿ ಮುಂಚೆ ಸಭಾ ಐತಿ. ನಿನ್ನ ಕರಿಯಾಕತ್ತಿಲ್ಲ. ಗೊತ್ತಿರಲಿ ಅಂತ ಹೇಳಿದೆ.”

ಮಾರನೆಯ ದಿನ ಬೆಳಿಗ್ಗೆ ಮಾಸ್ತರರು ಚಹಾದಂಗಡಿಯ ಮುಂದೆ ಪೇಪರ್ ಓದುತ್ತಿದ್ದರು. ಅವರ ಮನೆಗೆ ಹೋಗಲಿಲ್ಲ. ಬೇಕೆಂದೇ ಅಲ್ಲಿಗೆ, ನಾಲ್ಕು ಜನರ ನಡುವೆ ಹೋದೆ. ಮೊಮ್ಮಗಳ ಮದುವೆ ಎಂದೋ ಆಗಿತ್ತು.

“ಗುರುಗಳ, ಬಾಗಲದ್ದು ನಾ ಕೊಟ್ಟ ಮಾತು ಮುರೀತೇನಿ.”

ಚಹಾದ ಕಪ್ಪುಗಳು ಗಾಳಿಯಲ್ಲೇ ನಿಂತವು. ಅವರು ಕನ್ನಡಕ ತೆಗೆದರು. “ಮಂದಿ ಮುಂದ ಹೇಳಾಕತ್ತಿ. ನಾಳೆಯಿಂದ ಯಾರೂ ನಿನ್ನ ವಲ್ಯಾಗ ಕೈ ಇಡೂದಿಲ್ಲ.”

“ಇಡಬ್ಯಾಡ್ರಿ. ಆ ಬಾಗಲಾ ನಂದ ಆಗಿರಲಿಲ್ಲ. ನೀವೂ ನನ್ನ ಕಡಿಂದ ತಗೋಬಾರದಿತ್ತು.”

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಪೇಪರನ್ನು ಮಡಚಿದರು. “ಬೀಗರು ಮನಿ ನೋಡಾಕ ಬಂದಾವ್ರು ನನ್ನ ಎದುರ ಗ್ವಾಡಿ ನೋಡಿ ಒಂದ ಮಾತ ಕೇಳಿದ್ರು, ಮಲ್ಲಪ್ಪ. ‘ಇಷ್ಟ ಛಲೋ ಮನಿಗೆ ಬಾಗಲಾ ಯಾಕಿಲ್ರಿ?’ ಅಂತ.” ಎಂದು ಎದ್ದು ಹೋದರು. ಸಭೆಯಲ್ಲಿ ಅವರು ಯಾವ ಕಡೆ ಕೈ ಎತ್ತುತ್ತಾರೋ ನನಗೆ ಗೊತ್ತಿಲ್ಲ. ಮೊದಲಾಗಿದ್ದರೆ ತಿಳಿದುಕೊಳ್ಳದೆ ಬಿಡುತ್ತಿರಲಿಲ್ಲ.

ಅಲ್ಲಿಂದ ನೇರ ಮಾರ್ಕೆಟ್ಟಿನ ಕಟ್ಟೆಗೆ ಹೋದೆ. ಶಾಂತವ್ವ ಕಾಯಿ ಆರಿಸುತ್ತಿದ್ದಳು. ಬೆನ್ನು ಇನ್ನಷ್ಟು ಬಾಗಿದೆ. ಸಭೆಗೆ ಬಂದು ನಿನಗೇನು ಬೇಕೋ ನೀನೇ ಹೇಳಬೇಕು ಎಂದೆ.

“ನೀವು ಇರ್ತೀರೇನು?”

“ಹಿಂದ ನಿಂತಿರ್ತೇನಿ.”

“ಬರ್ತೇನಿ. ಆದ್ರ ಆ ವಲ್ಲಿ ಮನ್ಯಾಗ ಇಟ್ಟ ಬರ್ರಿ.” ಆಮೇಲೆ ಕೆಳಗಿನ ಮೇಜನ್ನು ಬೆರಳಿನಿಂದ ತಟ್ಟಿದಳು. “ಮತ್ತ ಇದನ್ನ ಯಾವಾಗ ಎತ್ತೂದು?”

ಅದು ಯಾವ ಬಾಗಿಲೆಂದು ಅವಳಿಗೆ ನಾನು ಹೇಳಿರಲಿಲ್ಲ.

“ಯಾವಾಗಿಂದ ಗೊತ್ತು ನಿನಗ?”

“ಮೊದಲನೇ ದಿನದಿಂದ. ಮೇಜಿಗೆ ಯಾರರ ಹೂಬಳ್ಳಿ ಕೆತ್ತಸ್ತಾರೇನ್ರಿ?”

ಈ ಬರಹ ನಿಮ್ಮ ಕೈಗೆ ಬರುವ ಹೊತ್ತಿಗೆ ಆ ಸಭೆ ಮುಗಿದಿರಬಹುದು, ಮುಗಿಯದೆಯೂ ಇರಬಹುದು. ಉಳಿದ ಮೂರು ಊರಿಗೂ ಇಂಥ ಠರಾವು ಬರುತ್ತದೆ. ಆಗ ಅದರ ವಿರುದ್ಧ ನಿಲ್ಲುವವರಿಗೆ ನನ್ನ ಕೆಲವು ಮಾತು, ಪುಕ್ಕಟೆ. ಮನೆಮನೆಗೆ ಹೋಗಿ ಗುಟ್ಟಾಗಿ ಒಪ್ಪಿಸಬೇಡಿ. ಗುಟ್ಟಾಗಿ ಸಿಕ್ಕ ಒಪ್ಪಿಗೆಗೆಲ್ಲ ಗುಟ್ಟಾದ ಬೆಲೆ ಇರುತ್ತದೆ, ಅದನ್ನು ತೆರುವವರು ಅಲ್ಲಿ ಮಲಗುವವರು. ಎಲ್ಲಿ ಮಲಗಬೇಕೆಂದು ಮಾತಾಡುವ ಮೊದಲು ಅವರು ಎಲ್ಲಿ ದುಡಿಯುತ್ತಾರೆ ಎಂದು ಕೇಳಿ, ಆ ದಾರಿಯನ್ನು ಕಾಲಿನಿಂದ ನಡೆದು ನೋಡಿ. ಸಭೆಯಲ್ಲಿ ಅವರಲ್ಲೊಬ್ಬರು ಇಲ್ಲದಿದ್ದರೆ ನೀವು ಬಾಯಿ ತೆರೆಯಬೇಡಿ, ನಿಮಗೆ ಎಷ್ಟೇ ಮಾತು ಬರಲಿ. ಯಾರಾದರೂ ‘ಇರಲಿ, ಆದರೆ ಕಾಣಬಾರದು’ ಎಂದರೆ ಅಲ್ಲಿಗೇ ಎದ್ದು ಬನ್ನಿ. ಅದು ಒಪ್ಪಿಗೆಯಲ್ಲ, ಅದೇ ಠರಾವು. ಸೋತರೂ ಬಾಗಿಲು ಬಿಟ್ಟುಕೊಡದೆ ಸೋಲಿ, ಮತ್ತೆ ಕೇಳಲು ಬರುತ್ತದೆ. ಮತ್ತು ನನ್ನ ಹಾಗೆ ಯಾರಾದರೂ ಬಾಗಿಲು ಕಿತ್ತು ಇಟ್ಟುಕೊಂಡಿದ್ದರೆ ಇದನ್ನೂ ತಿಳಿದುಕೊಳ್ಳಿ: ಲಿಂಬೆರಸದ ಕಲೆ ಸಾಗವಾನಿಯಿಂದ ಹೋಗುವುದಿಲ್ಲ. ಸೋಡಾ ಹಾಕಿ, ಇಟ್ಟಿಗೆ ಪುಡಿ ಹಾಕಿ ಉಜ್ಜಿ ನೋಡಿದ್ದೇನೆ. ಸುಮ್ಮನೆ ಎಣ್ಣೆ ಹಚ್ಚಿ, ಕಲೆ ಬಿದ್ದ ಮುಖ ಬೀದಿಯ ಕಡೆಗೇ ಬರುವಂತೆ ಕೂಡಿಸಿ.